ಮಗ್ಗದ ಎದುರು ಕೂತು ಬರೆದ ಚಿತ್ರಗಳು: ನನ್ನ ಅನುಭವ

ಫೋಟೊ ನೋಡಿ ಬರೆಯುವುದನ್ನು ನಾನು ಪೂರ್ತಿ ಬಿಟ್ಟು ಏಳೆಂಟು ವರ್ಷ ಆಗಿರಬೇಕು. ಬಾಗಲಕೋಟೆಯಲ್ಲೇ ಇದ್ದು ಆಳೆತ್ತರದ ಮನುಷ್ಯರ ಚಿತ್ರ ಬರೆಯುತ್ತೇನೆ, ಅದೂ ಎದುರಿಗೆ ಕೂರಿಸಿಕೊಂಡು ಅಂದಾಗ ಜೊತೆಗೆ ಓದಿದವರೇ ನಂಬಲಿಲ್ಲ. "ಬೆಂಗಳೂರಿಗೆ ಹೋಗು, ಇಲ್ಲಾಂದ್ರ ಫ್ಲೆಕ್ಸ್ ಅಂಗಡಿ ಹಾಕು" ಅಂದರು. ಈಗ ನನ್ನ ಮನೆ ನಡೆಯುವುದು ಈ ಚಿತ್ರಗಳಿಂದಲೇ.

ಮೊದಲು ಸೋತದ್ದು ಕೂರಿಸುವುದರಲ್ಲಿ. ಇಳಕಲ್ಲಿನ ನೇಕಾರ ಅಜ್ಜಿಯರಿಗೆ ದಿನಗೂಲಿ ಕೊಟ್ಟು ಕುರ್ಚಿ ಮೇಲೆ ಕೂರಿಸಿದೆ. ಅರ್ಧ ಗಂಟೆಗೆ ಭುಜ ಇಳಿಯುತ್ತದೆ, ಕಣ್ಣು ಸಪ್ಪೆ ಆಗುತ್ತದೆ. ಕೂಲಿಗೇ ಇಪ್ಪತ್ತು ಸಾವಿರದ ಹತ್ತಿರ ಹೋಯಿತು. ಇಟ್ಟುಕೊಳ್ಳುವಂಥ ಒಂದು ಮುಖವೂ ಬರಲಿಲ್ಲ. ಕೊನೆಗೆ ಒಬ್ಬ ಅಜ್ಜಿಯೇ ದಾರಿ ತೋರಿಸಿದರು. "ತಮ್ಮಾ, ಸುಮ್ನ ಕುಂದ್ರಂದ್ರ ನನಗ ಬ್ಯಾಸರ ಬರತೈತಿ. ನಾ ನೇಯತೀನಿ, ನೀ ಬರಕೋ."

ಮಗ್ಗದಲ್ಲಿ ಕೂತವರ ಮೈ ಮತ್ತೆ ಮತ್ತೆ ಅದೇ ಭಂಗಿಗೆ ಬರುತ್ತದೆ. ಲಾಳಿ ಬಲಕ್ಕೆ ಹೋದಾಗ ಕತ್ತು ಎಲ್ಲಿತ್ತೋ ಮುಂದಿನ ಸಲವೂ ಅಲ್ಲೇ. ನಾನು ಆ ಒಂದು ಕ್ಷಣಕ್ಕಷ್ಟೇ ಕಾಯುತ್ತೇನೆ. ಅವರ ಕೆಲಸ ನಿಲ್ಲಲ್ಲ, ಮುಖ ಸಾಯಲ್ಲ. ಕುಣಿ ಮಗ್ಗದಲ್ಲಿ ಕಾಲು ಕುಣಿಯೊಳಗೆ ಇರುತ್ತದೆ, ಅಲ್ವಾ? ನಿಂತು ಬರೆದರೆ ನೆತ್ತಿಯೇ ಕಾಣುತ್ತದೆ. ಅದಕ್ಕೆ ನಾನೂ ನೆಲಕ್ಕೆ ಕೂತೆ, ಚಿತ್ರ ಇಟ್ಟು ಬರೆಯುವ ಸ್ಟ್ಯಾಂಡು ಈಸೆಲ್, ಅದರ ಕಾಲು ಕತ್ತರಿಸಿದೆ. ಇಂಥ ಜೀವ ಇರುವ ಕೈಗಳನ್ನು ಈ ಕಡೆ ಬೇರೆ ಯಾರೂ ಬರೆಯುತ್ತಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ.

ದುಡ್ಡು ನುಂಗಿದ್ದು ಬಟ್ಟೆ. ಸಿದ್ಧ ಕ್ಯಾನ್ವಾಸ್ ದುಬಾರಿ ಅಂತ ಬನಹಟ್ಟಿಯಿಂದ ದಪ್ಪ ಹತ್ತಿ ಬಟ್ಟೆ ತಂದೆ. ಅದಕ್ಕೆ ಪ್ರಾಣಿ ಅಂಟು, ಅಂದರೆ ಚರ್ಮ-ಮೂಳೆ ಕುದಿಸಿ ಮಾಡುವ ಅಂಟು ಬಳಿದಿದ್ದೆ. ಮಳೆಗಾಲದಲ್ಲಿ ಜೋಲು ಬಿತ್ತು, ಬೇಸಿಗೆಯಲ್ಲಿ ಬಿಗಿದುಕೊಂಡಿತು. ಐದಾರು ದೊಡ್ಡ ಚಿತ್ರಗಳ ಬಣ್ಣ ಬಿರುಕು ಬಿಟ್ಟು ಹೋಯಿತು. ಅರವತ್ತು ಸಾವಿರಕ್ಕೆ ಕಡಿಮೆ ಇಲ್ಲ ಆ ನಷ್ಟ. ಈಗ ಬಣ್ಣಕ್ಕೂ ಮೊದಲು ಬಟ್ಟೆಗೆ ಬಳಿಯುವುದು ಅಕ್ರಿಲಿಕ್ ಪ್ರೈಮರ್, ತೆಳ್ಳಗೆ ಮೂರು ಕೋಟ್. ನೀರು ಎಷ್ಟು ಬೆರೆಸುತ್ತೇನೆ ಅನ್ನುವುದು ನನ್ನಲ್ಲೇ ಇರಲಿ.

ಮೈಬಣ್ಣಕ್ಕೆ ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್ ಹೆಸರಿನ ಪ್ಯಾಲೆಟ್ ಇದೆ, ಅಂದರೆ ನಾಲ್ಕೇ ಬಣ್ಣದ ಜೋಡಣೆ. ಓಕರ್ ಅನ್ನುವ ಮಣ್ಣುಹಳದಿ, ಕೆಂಪು, ಕಪ್ಪು, ಬಿಳಿ. ನಮ್ಮ ಎಣ್ಣೆಗಪ್ಪು ಮೈಗೆ ಅದನ್ನೇ ಹಚ್ಚಿದರೆ ಬಿಳಿ ಬೆರೆತ ಕಡೆಯೆಲ್ಲ ಬೂದಿ ಬಳಿದಂತೆ ಆಗುತ್ತದೆ. ನಾನು ಬಿಳಿ ಕಡಿಮೆ ಮಾಡಿ ಬರ್ಂಟ್ ಸಿಯೆನ್ನಾ ಅನ್ನುವ ಕೆಂಗಂದು ಜಾಸ್ತಿ ಮಾಡಿದೆ. ಕೆನ್ನೆಯ ಹೊಳಪಿಗೂ ಮೊದಲು ಓಕರ್, ಬಿಳಿ ಕೊನೆಗೆ ಒಂದು ಚೂರು.

ನಡುವೆ ಇನ್ನೊಂದು ಹುಚ್ಚು ಹಿಡಿಯಿತು. ಬಾದಾಮಿಯ ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ. ಅದೇ ಗುಹೆಯಲ್ಲಿ ಹಳೆಯ ಚಿತ್ರಗಳ ತುಣುಕು ಇನ್ನೂ ಉಳಿದಿವೆ. ನೋಡಿ ಬಂದ ಮೇಲೆ ಮಣ್ಣಿನ ಬಣ್ಣ ನಾನೇ ಮಾಡಬೇಕು ಅನ್ನಿಸಿತು. ಕಟ್ಟಡದ ಕೆಂಪು ಕಲ್ಲಿನ ಚೂರು ತಂದು ಪುಡಿ ಮಾಡಿದೆ. ಬರೀ ಮರಳು, ಬಣ್ಣವೇ ಇಲ್ಲ. ಆಮೇಲೆ ಹೊಲದ ಕೆಮ್ಮಣ್ಣನ್ನು ಬಕೆಟ್‌ನಲ್ಲಿ ಕದಡಿ, ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಸಿದು, ಅದರ ತಳಕ್ಕೆ ಇಳಿದ ನುಣುಪನ್ನು ಒಣಗಿಸಿ ಅಗಸೆ ಎಣ್ಣೆಯಲ್ಲಿ ಅರೆದೆ. ಮೊದಲ ಪದರಕ್ಕೆ ಚೆನ್ನಾಗಿ ಒಗ್ಗಿತು. ಟ್ಯೂಬಿನ ಖರ್ಚು ಸುಮಾರು ಕಾಲು ಭಾಗ ಉಳಿಯುತ್ತದೆ. ಇಳಕಲ್ ಸೆರಗಿನ ಕೆಂಪಿಗೆ ಮಾತ್ರ ಅದು ಸಾಲದು. ಆ ಕೆಂಪಿನ ಕೆಳಗಿನ ಪದರ ಕೆಂಪಲ್ಲ, ಅಷ್ಟು ಹೇಳಬಲ್ಲೆ.

ಮಾರಾಟದ ವಿಷಯ. ಒಂದು ಗ್ಯಾಲರಿ ಅರ್ಧ ಹಣ ಹಿಡಿದುಕೊಂಡು ಉಳಿದರ್ಧಕ್ಕೆ ವರ್ಷ ಓಡಾಡಿಸಿತು. ಆಮೇಲೆ ನವನಗರದಲ್ಲಿ ಕಲ್ಯಾಣ ಮಂಟಪ ಹಿಡಿದು ನಾನೇ ಚಿತ್ರ ಇಟ್ಟೆ, ಆಷಾಢದಲ್ಲಿ. ಮದುವೆ ಇಲ್ಲ, ಬಾಡಿಗೆ ಅರ್ಧಕ್ಕೆ ಸಿಕ್ಕಿತು. ಸೀರೆ ವ್ಯಾಪಾರಿಗಳು, ಡಾಕ್ಟರುಗಳು ಮನೆ ಮಂದಿಯ ಜೊತೆ ಬಂದರು. ಹತ್ತು ಕಂತಿನಲ್ಲಿ ಕೊಡಿ ಅಂದೆ. ಇಲ್ಲಿವರೆಗೆ ಒಬ್ಬರೂ ಕಂತು ತಪ್ಪಿಸಿಲ್ಲ. ಮೂವತ್ತೈದು ಸಾವಿರಕ್ಕೆ ಶುರುವಾದ ಅಳತೆಯ ಚಿತ್ರದ ಬೆಲೆ ಈಗ ಲಕ್ಷ ದಾಟಿದೆ. ಮಾರಿದ ಬೆಲೆಯಲ್ಲಿ ಹತ್ತರಲ್ಲೊಂದು ಪಾಲು ಕೂತವರಿಗೆ ಕೊಡುತ್ತೇನೆ. ಅದಕ್ಕೇ ಈಗ ಮಗ್ಗದ ಮನೆಯವರೇ ಕರೆಯುತ್ತಾರೆ.

ಮುಂದಿನ ಆಷಾಢಕ್ಕೆ ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ ನೇಯುವವರ ಚಿತ್ರ ಇಡುತ್ತೇನೆ. ಎರಡು ಮುಗಿದಿವೆ, ಒಂದಕ್ಕೆ ಮುಂಗಡವೂ ಬಂದಿದೆ.