ಬಸುರಿ ಮಗಳು ಬಂದಾಗ ಮೊದಲು ಖಾಲಿಯಾದದ್ದು ಪಂಪಿನ ಕೋಣೆ

ಮೇ ತಿಂಗಳ ಮೊದಲ ವಾರ ಐದು ತಿಂಗಳ ಬಸುರಿ ಮಗಳು ಬೆಂಗಳೂರಿನಿಂದ ಕೊಡಗಿನ ಮಾದಾಪುರದ ನಮ್ಮ ಮನೆಗೆ ಬಂದಳು. ಅವಳ ಮೊಬೈಲಿನಲ್ಲಿ ಒಂದು ಪಟ್ಟಿಯೂ ಬಂತು: ಮುಟ್ಟಬಾರದ ಶಾಂಪೂ, ಹಚ್ಚಬಾರದ ಲಿಪ್‌ಸ್ಟಿಕ್, ನೀರು ಕುಡಿಯಬಾರದ ಬಾಟಲಿ. ಜಗಲಿಯಲ್ಲಿ ಕುಳಿತು ಅದನ್ನು ನನಗೆ ಓದಿ ಹೇಳುತ್ತಿದ್ದಳು. ಅವಳ ಕುರ್ಚಿಯಿಂದ ಎರಡು ಮಾರು ದೂರದಲ್ಲಿ, ಔಷಧಿ ಹೊಡೆಯುವ ಪಂಪು ಗೋಡೆಗೆ ಒರಗಿಕೊಂಡು ನಿಂತಿತ್ತು.

ನಾನು ಪಿಯು ಕಾಲೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ರಸಾಯನಶಾಸ್ತ್ರ ಹೇಳಿದವಳು. ‘ಕೆಮಿಕಲ್ ಇಲ್ಲದ ಸಾಬೂನು’ ಎಂಬ ಜಾಹೀರಾತು ಕಂಡರೆ ಮೈ ಉರಿಯುತ್ತದೆ. ನೀರೂ ಕೆಮಿಕಲ್ಲೇ. ಕೇಳಬೇಕಾದದ್ದು ಎಷ್ಟು, ಯಾವ ದಾರಿಯಿಂದ, ಎಷ್ಟನೆಯ ತಿಂಗಳಲ್ಲಿ ಎಂದು. ಮಗುವಿನ ಅಂಗಾಂಗಗಳು ಮೂಡುವುದು ಮೊದಲ ಮೂರು ತಿಂಗಳಲ್ಲಿ. ಮೆದುಳು ಮಾತ್ರ ಹೆರಿಗೆಯವರೆಗೂ, ಆಮೇಲೂ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಐದನೆಯ ತಿಂಗಳಲ್ಲಿ ಶುರು ಮಾಡಿದರೂ ಪ್ರಯೋಜನವಿದೆ. ಪಟ್ಟಿಯನ್ನು ಬದಿಗಿಡಿಸಿ ಮನೆಯನ್ನು ಒಂದು ಸುತ್ತು ಹಾಕಿದೆ.

ನಮ್ಮಲ್ಲಿ ಕೀಟನಾಶಕಕ್ಕೂ ಔಷಧಿ ಎಂದೇ ಹೆಸರು. ಆ ಹೆಸರೇ ಅರ್ಧ ಅನಾಹುತ ಮಾಡಿದೆ. ಗಡಿಯ ಕರಿಕೆ ದಾಟಿದರೆ ಸಿಗುವ ಕಾಸರಗೋಡಿನ ಗೋಡಂಬಿ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್, 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯುವವರೆಗೂ ನಮ್ಮ ಕಪಾಟಿನಲ್ಲೂ ಔಷಧಿಯಾಗಿಯೇ ಇತ್ತು. ಈಗ ಅದರ ಜಾಗದಲ್ಲಿ ಕ್ಲೋರ್‌ಪೈರಿಫಾಸ್ ಕುಳಿತಿದೆ. ಇಂಥವು ಹುಳದ ನರವನ್ನು ಕೆಡಿಸಿ ಕೊಲ್ಲುತ್ತವೆ, ತಾಯಿಯ ರಕ್ತ ಸೇರಿದರೆ ಮಾಸು ದಾಟಿ ಮಗುವನ್ನೂ ತಲುಪುತ್ತವೆ. ಡಬ್ಬಿಯ ಮೇಲಿನ ತ್ರಿಕೋನ ನೋಡಿ: ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಎಂದರೆ ಬಸುರಿಗೆ ಅಡ್ಡಿಯಿಲ್ಲ ಎಂದಲ್ಲ, ಉಳಿದ ಮೂರಕ್ಕಿಂತ ವಿಷ ಕಡಿಮೆ ಎಂದಷ್ಟೇ.

ಅಂದೇ ಸಂಜೆ ಜಗಲಿಯ ಪಂಪು, ಮನೆಗೆ ಅಂಟಿಕೊಂಡಿದ್ದ ಪಂಪಿನ ಕೋಣೆಯ ಡಬ್ಬಿಗಳು, ಕಳೆನಾಶಕದ ಕ್ಯಾನು ಎಲ್ಲವೂ ಕಣದಾಚೆಯ ಶೆಡ್ಡಿಗೆ ಹೋದವು. ಖಾಲಿ ಕ್ಯಾನಿನಲ್ಲಿ ಕೋಳಿಗೆ ನೀರಿಡುತ್ತಿದ್ದುದನ್ನೂ ನಿಲ್ಲಿಸಿದೆ. ಅದನ್ನು ಎಷ್ಟು ಸಲ ತೊಳೆದರೂ ಅಷ್ಟೇ, ತೂತು ಮಾಡಿ ಬಿಡಬೇಕು.

ಆದರೆ ಪಂಪಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ಅದನ್ನು ಹೊತ್ತವರ ಅಂಗಿಯ ಬಗ್ಗೆ. ಬಸುರಿ ತೋಟಕ್ಕೆ ಕಾಲಿಡದಿದ್ದರೂ ತೋಟ ಅಂಗಿಯ ಮೇಲೆ ಕುಳಿತು ಮನೆಯೊಳಗೆ ಬರುತ್ತದೆ. ನಮ್ಮ ಮನೆಯವರು ಔಷಧಿ ಹೊಡೆದ ಬಟ್ಟೆಯನ್ನು ನೇರವಾಗಿ ವಾಷಿಂಗ್ ಮೆಷಿನ್ನಿಗೆ ಹಾಕುತ್ತಿದ್ದರು, ಅದೇ ಸುತ್ತಿನಲ್ಲಿ ನನ್ನ ಸೀರೆಯೂ ಇರುತ್ತಿತ್ತು. ಈಗಿನ ಕ್ರಮ ಹೀಗೆ: ಬೂಟು ಹೊರಗೇ ಬಿಡಬೇಕು, ಹೊರಗಿನ ನಲ್ಲಿಯಲ್ಲಿ ಸಾಬೂನು ಹಚ್ಚಿ ಸ್ನಾನ ಮಾಡಬೇಕು, ಬಟ್ಟೆ ಬೇರೆ ಬಕೆಟ್ಟಿಗೆ ಹಾಕಬೇಕು. ಒಗೆಯುವವರು ಅವರೇ, ಕೈಗವಸು ಹಾಕಿಕೊಂಡು. ಬೇರೆ ಹಗ್ಗದಲ್ಲಿ ಒಣಗಿಸಬೇಕು. ಮೊದಲ ದಿನ ಗೊಣಗಿದರು. ತೋಟದ ಕೆಲಸದವರ ಲೈನ್ ಮನೆಯ ಹೆಂಗಸರಿಗೂ ಇದನ್ನೇ ಹೇಳಿದ್ದೇನೆ, ಬಸುರಿಯಾದವರಿಗೆ ಗೊಬ್ಬರ, ಔಷಧಿಯ ಕೆಲಸ ಕೊಡುವುದಿಲ್ಲ.

ಮಳೆ ಹಿಡಿಯುವ ಮೊದಲು ಮೆಣಸಿನ ಬಳ್ಳಿಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಬೇಕೇ ಬೇಕು: ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕೀಟನಾಶಕಗಳ ಮುಂದೆ ಇದು ಸಾಧು. ಆದರೂ ಮೈಲುತುತ್ತದ ಪುಡಿ ಕಣ್ಣು, ಚರ್ಮ ಸುಡುತ್ತದೆ. ಸಿಂಪಡಿಸುವ ಮೂರು ದಿನ ಮಗಳನ್ನು ಕುಶಾಲನಗರದ ತಂಗಿಯ ಮನೆಗೆ ಕಳುಹಿಸಿದೆ. ಹೋಗುವ ಮನೆಯಿಲ್ಲದವರು ಗಾಳಿ ಬರುವ ದಿಕ್ಕಿನ ಕಿಟಕಿ ಮುಚ್ಚಿ, ಬಾವಿಗೆ ಮುಚ್ಚಳ ಹಾಕಿ, ಅಂಗಳದಲ್ಲಿ ಒಣಗಲು ಹಾಕಿದ ಬಟ್ಟೆ, ಹಪ್ಪಳ ಒಳಗೆ ತನ್ನಿ. ಮೈಮೇಲೆ ಏನಾದರೂ ಚೆಲ್ಲಿದರೆ ಬಟ್ಟೆ ಕಳಚಿ ಹದಿನೈದು ನಿಮಿಷ ನೀರು ಸುರಿದುಕೊಳ್ಳಬೇಕು. ಡಬ್ಬಿಯ ಚೀಟಿಯನ್ನು ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ.

ಇನ್ನು ಹೊಗೆ. ಬಚ್ಚಲಿನ ಹಂಡೆ ಒಲೆಗೆ ಬೆಂಕಿ ಹೊತ್ತಿಸಲು ನಾವೆಲ್ಲ ಹಾಲಿನ ಕವರು, ಗೊಬ್ಬರ ಚೀಲದ ತುಂಡು ತುರುಕುತ್ತೇವೆ. ಅದನ್ನು ಇವತ್ತೇ ಬಿಡಿ. ತೆಂಗಿನ ಗರಿ, ಸಿಲ್ವರ್ ಓಕ್ ಎಲೆ ಬೇಕಾದಷ್ಟಿದೆ. ಸೌದೆ ಹೊಗೆಯೂ ಒಳ್ಳೆಯದಲ್ಲ, ದಿನವೂ ಅದರಲ್ಲೇ ಅಡುಗೆ ಮಾಡುವ ಬಸುರಿಯರ ಮಕ್ಕಳ ತೂಕ ಕಡಿಮೆಯಾಗುತ್ತದೆ. ಗ್ಯಾಸ್ ಇದ್ದವರು ಬಸುರಿಯ ಮಟ್ಟಿಗಾದರೂ ಅದನ್ನೇ ಬಳಸಿ. ಜುಲೈ ಚಳಿಯಲ್ಲಿ ಬಾಗಿಲು ಮುಚ್ಚಿದ ಕೋಣೆಯೊಳಗೆ ಕೆಂಡದ ಬಾಣಲೆ ಇಡುವುದಂತೂ ಕೂಡದು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ತಾಯಿಗೆ ಬರೀ ತಲೆನೋವು ಅನಿಸುವ ಹೊತ್ತಿಗೆ ಮಗುವಿಗೆ ಆಮ್ಲಜನಕ ಕಡಿಮೆಯಾಗಿರಬಹುದು.

ಬಚ್ಚಲು ತೊಳೆಯುವ ವಿಚಾರದಲ್ಲಿ ನನ್ನದೇ ನಾಚಿಕೆಯ ಕಥೆಯಿದೆ. ಬ್ಲೀಚಿಂಗ್ ಪೌಡರಿಗೆ ಆಮ್ಲ ಬೆರೆತರೆ ಕ್ಲೋರಿನ್ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದವಳೇ, ಒಮ್ಮೆ ಪಾಚಿ ಹೋಗಲಿ ಎಂದು ಪೌಡರು ಉದುರಿಸಿ ಅದರ ಮೇಲೆ ಟಾಯ್ಲೆಟ್ ಕ್ಲೀನರ್ ಸುರಿದು ಕೆಮ್ಮುತ್ತಾ ಹೊರಗೆ ಓಡಿದೆ. ಎರಡನ್ನೂ ಬೆರೆಸಬೇಡಿ. ಬಸುರಿ ಬಚ್ಚಲು ಉಜ್ಜುವುದೂ ಬೇಡ, ಗಂಡಸರು ಉಜ್ಜಲಿ. ನೆಲಕ್ಕೆ ಸಾಬೂನು ನೀರು ಸಾಕು. ಸೀರೆ ಪೆಟ್ಟಿಗೆಯ ನುಸಿ ಗುಳಿಗೆ (ನ್ಯಾಫ್ತಲೀನ್) ತೆಗೆದು ಬಟ್ಟೆಗಳನ್ನು ಬಿಸಿಲಿಗೆ ಹಾಕಿ. ಮಗುವಿಗೆಂದು ಎತ್ತಿಟ್ಟ ಹಳೆಯ ಬಟ್ಟೆಯಲ್ಲಂತೂ ಅದು ಇರಲೇಬಾರದು: ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಎಳೆಗೂಸಿನ ರಕ್ತಕಣಗಳನ್ನು ಆ ವಾಸನೆಯೇ ಒಡೆಯಬಹುದು.

ಬಾಣಂತಿ ಕೋಣೆಗೆ ಬಣ್ಣ ಬಳಿಸುವ ಉತ್ಸಾಹ ಎಲ್ಲರಿಗೂ. ಹೊಸ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಇದೆ. ನನಗೆ ಭಯವಿರುವುದು ಅಜ್ಜನ ಕಾಲದ ಹಸಿರು ಕಿಟಕಿಯನ್ನು ಕೆರೆಯುವಾಗ ಏಳುವ ದೂಳಿನದು. ಕೆರೆಸಲೇಬೇಡಿ. ಸೀಸ ತಾಯಿಯ ಮೂಳೆಯಲ್ಲಿ ವರ್ಷಗಟ್ಟಲೆ ಅಡಗಿದ್ದು, ಬಸುರಿನಲ್ಲಿ ಸುಣ್ಣದಂಶದ ಜೊತೆ ರಕ್ತಕ್ಕೆ ಇಳಿಯುತ್ತದೆ. ಡಾಕ್ಟರು ಕೊಟ್ಟ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಬಿಡದೆ ನುಂಗುವುದು ಇದಕ್ಕೂ ಮದ್ದೇ.

ಅಡುಗೆಮನೆಯಲ್ಲಿ ಮಾಡಿದ್ದು ಸ್ವಲ್ಪ. ಅರಿಶಿನದ ಕೊಂಬು ತಂದು ಮನೆಯಲ್ಲೇ ಪುಡಿ ಮಾಡಿಸಿದೆವು, ಹೊಳಪಿಗಾಗಿ ಲೆಡ್ ಕ್ರೋಮೇಟ್ ಬೆರೆಸುವವರಿದ್ದಾರೆ. ಕಾಚಂಪುಳಿ ಎಂಬ ಕೊಡಗಿನ ಹುಳಿರಸ ಪ್ಲಾಸ್ಟಿಕ್ ಬಾಟಲಿಯಿಂದ ಗಾಜಿಗೆ ಹೋಯಿತು, ಅಂಥ ಹುಳಿಯನ್ನು ಪ್ಲಾಸ್ಟಿಕ್, ಅಲ್ಯೂಮಿನಿಯಂ ಯಾವುದರಲ್ಲೂ ಇಡಬಾರದು. ಹೋಟೆಲಿನಿಂದ ಬಿಸಿ ಸಾಂಬಾರನ್ನು ಕವರಿನಲ್ಲಿ ಕಟ್ಟಿಸುವ ಬದಲು ತೂಕುಪಾತ್ರೆ ಒಯ್ಯಿರಿ. ಸೊಪ್ಪು, ತರಕಾರಿಯನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಕಳಲೆ ತಿನ್ನಬೇಡ ಎಂದು ನಾನು ಹೇಳುವುದಿಲ್ಲ, ಆದರೆ ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಹೆಚ್ಚಿ, ದಿನಾ ನೀರು ಬದಲಿಸುತ್ತಾ ಮೂರು ದಿನ ನೆನೆಸಿ, ಬೇಯಿಸಿದ ನೀರನ್ನೂ ಚೆಲ್ಲುವ ನಮ್ಮ ಅಜ್ಜಿಯಂದಿರ ಕ್ರಮ ಶುದ್ಧ ರಸಾಯನಶಾಸ್ತ್ರ. ಮೀನಿನಲ್ಲಿ ಮತ್ತಿ, ಬಂಗುಡೆ ತಿನ್ನಲಿ. ಪಾದರಸ ತುಂಬಿಕೊಳ್ಳುವ ಶಾರ್ಕಿನಂಥ ದೊಡ್ಡ ಮೀನು ಬೇಡ. ಅದೇ ಪಾದರಸ ಊರು ಹೆಸರಿಲ್ಲದ ಬಿಳುಪಿನ ಕ್ರೀಮಿನಲ್ಲೂ ಸಿಗುತ್ತದೆ, ಅದನ್ನು ಎಸೆಯಿರಿ.

ಸೊಳ್ಳೆಗೆ ಮಾತ್ರ ರಿಯಾಯಿತಿ ಕೊಡಬೇಡಿ. ಬಸುರಿಯಲ್ಲಿ ಡೆಂಗಿ ಜ್ವರ ಬತ್ತಿಯ ಹೊಗೆಗಿಂತ ದೊಡ್ಡ ಅಪಾಯ. ಬತ್ತಿ ಬಿಟ್ಟು ಪರದೆ ಕಟ್ಟಿದೆವು, ಸಂಜೆ ಹೊರಗೆ ಕೂರುವುದಾದರೆ ಕೈಕಾಲಿಗೆ ಸೊಳ್ಳೆ ಮುಲಾಮು.

ಮಗಳ ಪಟ್ಟಿಯಲ್ಲಿದ್ದ ಶಾಂಪೂವಿನ ಬಗ್ಗೆ ಕೊನೆಗೂ ಜಗಳವಾಯಿತು. ಅವಳು ವಾಸನೆಯಿಲ್ಲದ್ದನ್ನು ತರಿಸಿಕೊಂಡಳು. ನನಗೇನೂ ಅಡ್ಡಿಯಿಲ್ಲ, ಸೀಗೆಕಾಯಿಗಿಂತ ದುಬಾರಿ ಅಷ್ಟೇ.