ಎಂವಿಪಿ ಯಾರು ಅಂತ ವಾದಕ್ಕೆ ಕೂರುವ ಮುಂಚೆ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಸೀಸನ್ ಮಾರ್ಚ್ ತಲುಪಿತು ಅಂದರೆ ವಾದ ಶುರು. ಈ ಸಲ ಎಂವಿಪಿ, ಅಂದರೆ 'ಮೋಸ್ಟ್ ವ್ಯಾಲ್ಯುಯಬಲ್ ಪ್ಲೇಯರ್' ಪ್ರಶಸ್ತಿ, ಯಾರಿಗೆ? ಒಬ್ಬ ಪಾಯಿಂಟ್ಸ್ ಲೆಕ್ಕ ಹೇಳುತ್ತಾನೆ, ಇನ್ನೊಬ್ಬ ಟೀಮ್ ಎಷ್ಟು ಗೆದ್ದಿದೆ ನೋಡು ಅನ್ನುತ್ತಾನೆ, ಮೂರನೆಯವನು ಅವನನ್ನು ತೆಗೆದರೆ ಆ ಟೀಮ್‌ನಲ್ಲಿ ಇನ್ನೇನಿದೆ ಅಂತ ಕೇಳುತ್ತಾನೆ. ಮೂವರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತಾರೆ. ಅದಕ್ಕೇ ವಾದ ಮುಗಿಯುವುದೇ ಇಲ್ಲ.

ನಮಗೆ ಐಪಿಎಲ್ ಆರೆಂಜ್ ಕ್ಯಾಪ್ ಅಭ್ಯಾಸ. ರನ್ ಕೂಡಿದರೆ ಆಯಿತು. 2016ರಲ್ಲಿ ಕೊಹ್ಲಿ 973 ರನ್ ಹೊಡೆದರು, ಕ್ಯಾಪ್ ಅವರಿಗೆ ಹೋಯಿತು, ಅಲ್ಲಿ ವಾದಕ್ಕೆ ಜಾಗವೇ ಇಲ್ಲ. ಎನ್‌ಬಿಎ ಎಂವಿಪಿ ಹಾಗಲ್ಲ. ಅದನ್ನು ಮತ ಹಾಕಿ ಕೊಡುತ್ತಾರೆ. 1956ರಿಂದ 1980ರವರೆಗೆ ಆಟಗಾರರೇ ಮತ ಹಾಕುತ್ತಿದ್ದರು, ಆಮೇಲೆ ಅದು ಪತ್ರಕರ್ತರು ಮತ್ತು ಕಾಮೆಂಟೇಟರ್‌ಗಳ ಕೈಗೆ ಬಂತು. 'ವ್ಯಾಲ್ಯುಯಬಲ್' ಅಂದರೆ ಏನು ಅಂತ ಲೀಗ್ ಯಾರಿಗೂ ಬಿಡಿಸಿ ಹೇಳುವುದಿಲ್ಲ. ಹಾಗಾಗಿ ನಿಮ್ಮ ಮೊದಲ ಕೆಲಸ ಇದು: ಆಟಗಾರನ ಹೆಸರು ಎತ್ತುವ ಮುಂಚೆ ನಿಮ್ಮ ಅಳತೆಗೋಲು ಏನು ಅಂತ ಒಂದೇ ವಾಕ್ಯದಲ್ಲಿ ಬರೆಯಿರಿ. ತಲೆಯಲ್ಲಿ ಇಟ್ಟುಕೊಂಡರೆ ಸಾಲದು, ಬರೆಯಲೇಬೇಕು. ತಲೆಯಲ್ಲಿದ್ದರೆ ಅದು ನಿಮ್ಮ ಇಷ್ಟದ ಆಟಗಾರನ ಕಡೆ ಗೊತ್ತಾಗದ ಹಾಗೆ ಜರುಗುತ್ತದೆ.

ಅಳತೆಗೋಲು ಬದಲಾದರೆ ಉತ್ತರ ಎಷ್ಟು ಬದಲಾಗುತ್ತದೆ ಅಂತ ತಿಳಿಯಲು 1961-62ರ ಸೀಸನ್ ನೋಡಿ. ವಿಲ್ಟ್ ಚೇಂಬರ್ಲಿನ್ ಪಂದ್ಯಕ್ಕೆ ಸರಾಸರಿ 50.4 ಪಾಯಿಂಟ್ಸ್ ಹೊಡೆದ. ಇವತ್ತಿಗೂ ಅದರ ಹತ್ತಿರ ಬೇರೆ ಯಾರೂ ಬಂದಿಲ್ಲ. ಆಸ್ಕರ್ ರಾಬರ್ಟ್‌ಸನ್ ಇಡೀ ಸೀಸನ್ ಟ್ರಿಪಲ್-ಡಬಲ್ (ಮೂರು ಲೆಕ್ಕದಲ್ಲಿ ಹತ್ತು ಅಥವಾ ಜಾಸ್ತಿ) ಸರಾಸರಿ ಇಟ್ಟುಕೊಂಡ: 30.8 ಪಾಯಿಂಟ್ಸ್, 12.5 ರಿಬೌಂಡ್ (ಗುರಿ ತಪ್ಪಿದ ಚೆಂಡನ್ನು ಹಿಡಿಯುವುದು), 11.4 ಅಸಿಸ್ಟ್ (ಜೊತೆಗಾರ ಪಾಯಿಂಟ್ಸ್ ಹೊಡೆಯಲು ಕೊಟ್ಟ ಪಾಸ್). ಎಂವಿಪಿ ಸಿಕ್ಕಿದ್ದು ಇಬ್ಬರಿಗೂ ಅಲ್ಲ, 18.9 ಪಾಯಿಂಟ್ಸ್ ಹೊಡೆದ ಬಿಲ್ ರಸೆಲ್‌ಗೆ. ಆ ಮತ ಹಾಕಿದವರು ಅವನ ಎದುರು ಆಡಿದ ಆಟಗಾರರು. ರಿಂಗ್ ಹತ್ತಿರ ರಸೆಲ್ ನಿಂತಿದ್ದಾಗ ಒಳಗೆ ನುಗ್ಗಲು ಎಷ್ಟು ಕಷ್ಟ ಅಂತ ಅವರಿಗೆ ಗೊತ್ತಿತ್ತು. ಅವನ ಬೋಸ್ಟನ್ ಟೀಮ್ ಆ ವರ್ಷ 80ರಲ್ಲಿ 60 ಪಂದ್ಯ ಗೆದ್ದಿತ್ತು. ಅವರ ಅಳತೆಗೋಲು ಬೇರೆ ಇತ್ತು, ಅಷ್ಟೇ.

ಇನ್ನು ನಿಯಮಗಳು. ಇವು ಗೊತ್ತಿಲ್ಲದೆ ವಾದ ಮಾಡುವವರೇ ಜಾಸ್ತಿ, ಅದಕ್ಕೆ ಬೇಗ ಹೇಳಿಬಿಡುತ್ತೇನೆ. ಲೆಕ್ಕಕ್ಕೆ ಬರುವುದು ರೆಗ್ಯುಲರ್ ಸೀಸನ್ ಮಾತ್ರ, ಪ್ಲೇಆಫ್ ಶುರುವಾಗುವ ಮುಂಚೆಯೇ ಮತ ಹಾಕಿ ಆಗಿರುತ್ತದೆ. 2023-24ರಿಂದ ಕನಿಷ್ಠ 65 ಪಂದ್ಯ ಆಡಿರಬೇಕು ಅನ್ನುವ ನಿಯಮ ಬಂದಿದೆ. ಒಬ್ಬೊಬ್ಬರು ಐದು ಹೆಸರು ಬರೆಯುತ್ತಾರೆ, ಅವಕ್ಕೆ ಕ್ರಮವಾಗಿ 10, 7, 5, 3, 1 ಅಂಕ. ಇದು ಸಣ್ಣ ವಿಷಯ ಅಲ್ಲ. 1990ರಲ್ಲಿ ಚಾರ್ಲ್ಸ್ ಬಾರ್ಕ್ಲಿಗೆ 38 ಮೊದಲ ಸ್ಥಾನದ ಮತ ಬಂತು, ಮ್ಯಾಜಿಕ್ ಜಾನ್ಸನ್‌ಗೆ ಬರೀ 27. ಆದರೂ ಗೆದ್ದಿದ್ದು ಮ್ಯಾಜಿಕ್, ಏಕೆಂದರೆ ಎರಡನೇ ಮೂರನೇ ಸ್ಥಾನಗಳಲ್ಲಿ ಅವನ ಹೆಸರು ಜಾಸ್ತಿ ಇತ್ತು. ನೀವೂ ಐದು ಹೆಸರು ಬರೆಯಿರಿ. ಮೂರನೆಯವನು ಯಾಕೆ ಎರಡನೆಯವನಲ್ಲ ಅಂತ ನಿಮಗೆ ನೀವೇ ಹೇಳಿಕೊಳ್ಳಬೇಕಾದಾಗ ನಿಮ್ಮ ಅಳತೆಗೋಲು ಗಟ್ಟಿ ಇದೆಯಾ, ಟೊಳ್ಳಾ ಅಂತ ಗೊತ್ತಾಗುತ್ತದೆ.

ಈಗ ಅಂಕಿಅಂಶ. ಪಾಯಿಂಟ್ಸ್ ಸರಾಸರಿ ಒಂದನ್ನೇ ಹಿಡಿದುಕೊಂಡು ಬರಬೇಡಿ. 30 ಪಾಯಿಂಟ್ಸ್ ಹೊಡೆಯಲು ಒಬ್ಬ ಎಷ್ಟು ಸಲ ಎಸೆದ ಅನ್ನುವುದು ಮುಖ್ಯ, ಏಕೆಂದರೆ ಅವನು ಎಸೆದು ಹಾಳಾದ ಪ್ರತಿ ಚೆಂಡೂ ಟೀಮ್‌ನ ಒಂದು ಅವಕಾಶ. ಅದಕ್ಕೆ ಟ್ರೂ ಶೂಟಿಂಗ್ ಅಂತ ಒಂದು ಲೆಕ್ಕ ಇದೆ, ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲೇ ಆಗುತ್ತದೆ. ಎಸೆದ ಫ್ರೀ ಥ್ರೋ (ಫೌಲ್ ಆದಾಗ ಯಾರ ಅಡ್ಡಿಯೂ ಇಲ್ಲದೆ ಸಿಗುವ ಎಸೆತ) ಸಂಖ್ಯೆಯನ್ನು 0.44ರಿಂದ ಗುಣಿಸಿ, ಅದನ್ನು ಎಸೆದ ಬೇರೆ ಶಾಟ್‌ಗಳ ಸಂಖ್ಯೆಗೆ ಕೂಡಿಸಿ, ಬಂದಿದ್ದನ್ನು ಎರಡರಷ್ಟು ಮಾಡಿ, ಪಾಯಿಂಟ್ಸನ್ನು ಅದರಿಂದ ಭಾಗಿಸಿ. 2024-25ರಲ್ಲಿ ಒಕ್ಲಹೋಮ ಸಿಟಿಯ ಶೇ ಗಿಲ್ಜಸ್-ಅಲೆಕ್ಸಾಂಡರ್ ಪಂದ್ಯಕ್ಕೆ 21.8 ಶಾಟ್, 8.8 ಫ್ರೀ ಥ್ರೋ ಎಸೆದು 32.7 ಪಾಯಿಂಟ್ಸ್ ಮಾಡಿದ. ಲೆಕ್ಕ ಹಾಕಿದರೆ ಸುಮಾರು 64%. ಡೆನ್ವರ್‌ನ ನಿಕೋಲಾ ಯೋಕಿಚ್ 19.5 ಶಾಟ್, 6.4 ಫ್ರೀ ಥ್ರೋನಲ್ಲಿ 29.6. ಸುಮಾರು 66%. ಪಾಯಿಂಟ್ಸ್‌ನಲ್ಲಿ ಶೇ ಮುಂದೆ, ಎಸೆದ ಚೆಂಡಿಗೆ ಸಿಕ್ಕ ಫಲದಲ್ಲಿ ಯೋಕಿಚ್ ಸ್ವಲ್ಪ ಮುಂದೆ. ಅದರ ಮೇಲೆ ಯೋಕಿಚ್‌ಗೆ 12.7 ರಿಬೌಂಡ್, 10.2 ಅಸಿಸ್ಟ್ ಬೇರೆ. ಇಲ್ಲಿಗೆ ನಿಲ್ಲಿಸಿದರೆ ಪ್ರಶಸ್ತಿ ಯೋಕಿಚ್‌ದು.

ಆದರೆ ಇಲ್ಲಿಗೆ ನಿಲ್ಲಿಸಬಾರದು. ಒಕ್ಲಹೋಮ ಗೆದ್ದಿದ್ದು 68, ಸೋತಿದ್ದು 14. ಡೆನ್ವರ್ 50-32. ಟೀಮ್ ಗೆಲುವನ್ನು ಎಷ್ಟು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನುವುದು ಇಡೀ ವಾದದ ಕಗ್ಗಂಟು, ಇದನ್ನು ಬಿಡಿಸಲು ಸುಲಭದ ದಾರಿ ಇಲ್ಲ. ಆ ವರ್ಷ ಏಪ್ರಿಲ್ 1ರ ಪಂದ್ಯವನ್ನೇ ತೆಗೆದುಕೊಳ್ಳಿ. ಮಿನ್ನೆಸೋಟ ಎದುರು ಯೋಕಿಚ್ 61 ಪಾಯಿಂಟ್ಸ್, 10 ರಿಬೌಂಡ್, 10 ಅಸಿಸ್ಟ್. ಎರಡು ಓವರ್‌ಟೈಮ್. ಕೊನೆಯ ಸೆಕೆಂಡುಗಳಲ್ಲಿ ಡೆನ್ವರ್ ಒಂದು ಪಾಯಿಂಟ್ ಮುಂದಿತ್ತು. ಅವನ ಜೊತೆಗಾರ ರಸೆಲ್ ವೆಸ್ಟ್‌ಬ್ರೂಕ್ ರಿಂಗ್ ಹತ್ತಿರದಿಂದಲೇ ಹಾಕುವ ಸುಲಭದ ಲೇಅಪ್ ತಪ್ಪಿಸಿದ, ಮರುಕ್ಷಣವೇ ಆ ಕಡೆ ಓಡಿ ಮೂರು ಪಾಯಿಂಟ್ ಎಸೆಯುತ್ತಿದ್ದವನಿಗೆ ಫೌಲ್ ಮಾಡಿದ. ಎರಡು ಫ್ರೀ ಥ್ರೋ ಒಳಗೆ ಬಿದ್ದವು. 140-139, ಡೆನ್ವರ್‌ಗೆ ಸೋಲು. ಪಟ್ಟಿಯಲ್ಲಿ ಅದು ಒಂದು ಸೋಲು ಅಂತ ಕೂರುತ್ತದೆ. ಅದರಲ್ಲಿ ಯೋಕಿಚ್ ತಪ್ಪೇನಿದೆ ಹೇಳಿ? ಹಾಗಾಗಿ ಗೆಲುವಿನ ಪಟ್ಟಿ ನೋಡುವಾಗ ಆ ಗೆಲುವು, ಸೋಲಿನಲ್ಲಿ ಅವನ ಕೈ ಎಷ್ಟಿತ್ತು ಅಂತ ನೋಡಬೇಕು, ಸುಮ್ನೆ 68 ದೊಡ್ಡದು 50 ಚಿಕ್ಕದು ಅಂದರೆ ಆಗುವುದಿಲ್ಲ.

'ಅವನನ್ನು ತೆಗೆದರೆ ಟೀಮ್ ಏನಾಗುತ್ತದೆ' ಅನ್ನುವ ವಾದ ಕೇಳಲು ಚೆನ್ನಾಗಿರುತ್ತದೆ, ಬಳಸುವಾಗ ಎಚ್ಚರ. ಅವನು ಕೋರ್ಟ್‌ನಲ್ಲಿದ್ದಾಗ ಟೀಮ್ ಎಷ್ಟು ಮುಂದೆ, ಬೆಂಚಿನಲ್ಲಿದ್ದಾಗ ಎಷ್ಟು ಹಿಂದೆ ಅನ್ನುವ ಆನ್-ಆಫ್ ಲೆಕ್ಕ ಸಿಗುತ್ತದೆ. ಅದರಲ್ಲಿ ಅವನ ಬದಲು ಬರುವವನು ಎಷ್ಟು ಕೆಟ್ಟದಾಗಿ ಆಡುತ್ತಾನೆ ಅನ್ನುವುದೂ ಸೇರಿಕೊಂಡಿರುತ್ತದೆ. ಬೆಂಚು ದುರ್ಬಲವಾಗಿದ್ದರೆ ಅದಕ್ಕೆ ಬಹುಮಾನ ಇವನಿಗಾ? ಒಕ್ಲಹೋಮದಂಥ ಗಟ್ಟಿ ಬೆಂಚು ಇರುವವನಿಗೆ ಶಿಕ್ಷೆಯಾ? ಎರಡೂ ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ.

ಅಂಕಿ ಎಷ್ಟು ಮುಖ್ಯವೋ ಕಣ್ಣಲ್ಲಿ ನೋಡುವುದೂ ಅಷ್ಟೇ ಮುಖ್ಯ. ಅಲ್ಲಿಯ ರಾತ್ರಿ ಪಂದ್ಯಗಳು ನಮಗೆ ಬೆಳಿಗ್ಗೆ ಬರುತ್ತವೆ. ಕಾಫಿ ಲೋಟ ಹಿಡಿದುಕೊಂಡು ಕೂತರೆ ಆಫೀಸಿಗೆ ಹೊರಡುವ ಮುಂಚೆ ಅರ್ಧ ಆಟವಾದರೂ ಸಿಗುತ್ತದೆ. ನೀವು ಯಾರ ವಿರುದ್ಧ ವಾದ ಮಾಡುತ್ತೀರೋ ಅವನ ಆಟವನ್ನೇ ಕನಿಷ್ಠ ಮೂರು ಸಲ ಪೂರ್ತಿ ನೋಡಿ, ಹೈಲೈಟ್ಸ್ ಅಲ್ಲ. ನೋಡುವಾಗ ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ, ಅವನ ಮೇಲೆ ಮಾತ್ರ ಇಡಿ. ಯೋಕಿಚ್ ಫ್ರೀ ಥ್ರೋ ಗೆರೆಯ ಹತ್ತಿರ ರಿಂಗ್‌ಗೆ ಬೆನ್ನು ಹಾಕಿ, ಚೆಂಡನ್ನು ಒಂದು ಕೈಯಲ್ಲಿ ತಲೆ ಮೇಲೆ ಎತ್ತಿ ಹಿಡಿದು ಸುಮ್ಮನೆ ನಿಂತಿರುತ್ತಾನೆ. ಏನೂ ಮಾಡುತ್ತಿಲ್ಲ ಅನಿಸುತ್ತದೆ. ಅಷ್ಟರಲ್ಲಿ ಮೂಲೆಯಿಂದ ಒಬ್ಬ ಓಡಿ ಬರುತ್ತಾನೆ, ಅವನು ಬಂದು ಮುಟ್ಟುವ ಜಾಗಕ್ಕೆ ಚೆಂಡು ಅವನಿಗಿಂತ ಮುಂಚೆ ಹೋಗಿರುತ್ತದೆ. ಶೇ ಆಟ ಬೇರೆಯೇ. ಒಳಗೆ ನುಗ್ಗುತ್ತಾನೆ, ಎದುರಿನವನು ಹಿಂದೆ ಸರಿಯುತ್ತಾನೆ, ಆ ಕ್ಷಣಕ್ಕೆ ಇವನು ಗಕ್ಕನೆ ನಿಲ್ಲುತ್ತಾನೆ. ಎದುರಿನವನ ಕಾಲು ಇನ್ನೂ ಹಿಂದೆ ಹೋಗುತ್ತಿರುತ್ತದೆ, ಶಾಟ್ ಆಗಲೇ ಕೈಬಿಟ್ಟಿರುತ್ತದೆ. ಇದನ್ನು ನೋಡಿದವರು 'ಇವನಿಗೆ ಬರೀ ಫ್ರೀ ಥ್ರೋ ಸಿಗುತ್ತದೆ' ಅಂತ ಒಂದೇ ಮಾತಲ್ಲಿ ತಳ್ಳಿಹಾಕುವುದಿಲ್ಲ.

ಎರಡು ಮಾತು ವಾದದಲ್ಲಿ ತರಬೇಡಿ. ಒಂದು, ಆಮೇಲೆ ಪ್ಲೇಆಫ್‌ನಲ್ಲಿ ಆಗಿದ್ದು. 2023ರಲ್ಲಿ ಎಂವಿಪಿ ಜೋಯಲ್ ಎಂಬೀಡ್‌ಗೆ ಹೋಯಿತು, ಕಪ್ ಗೆದ್ದಿದ್ದು ಯೋಕಿಚ್. ಮತ ತಪ್ಪಾಗಿತ್ತು ಅನ್ನುವುದಾದರೆ ಏಪ್ರಿಲ್‌ವರೆಗಿನ ಆಟದಿಂದಲೇ ತೋರಿಸಿ, ಜೂನ್ ತಿಂಗಳಿನಿಂದ ಅಲ್ಲ. ಎರಡು, 'ಅವನಿಗೆ ಆಗಲೇ ಸಿಕ್ಕಿದೆ, ಈ ಸಲ ಇವನಿಗೆ ಕೊಡಲಿ'. ಇದು ಮದುವೆ ಮನೆಯ ತಾಂಬೂಲ ಅಲ್ಲ, ಎಲ್ಲರಿಗೂ ಒಂದೊಂದು ಹಂಚಲು. ಕರೀಮ್ ಅಬ್ದುಲ್-ಜಬ್ಬಾರ್‌ಗೆ ಆರು ಸಲ ಕೊಟ್ಟರು, ಅದರಲ್ಲಿ 1976ರದ್ದು ಅವನ ಟೀಮ್ ಪ್ಲೇಆಫ್‌ಗೂ ಹೋಗದ ವರ್ಷ.

ಕೊನೆಯ ಪರೀಕ್ಷೆ ನನಗೇ ಕಷ್ಟ ಕೊಟ್ಟಿದ್ದು. ನಿಮ್ಮ ಅಳತೆಗೋಲನ್ನು ಬೇರೆ ವರ್ಷಕ್ಕೆ ಇಟ್ಟು ನೋಡಿ. ಕೊಳ್ಳುವಾಗ ಒಂದು ಸೇರು, ಕೊಡುವಾಗ ಇನ್ನೊಂದು ಸೇರು ಆಗಬಾರದು ಅಲ್ವಾ. ನನ್ನ ವಾಕ್ಯ ಇದು: 'ಸೀಸನ್ ಪೂರ್ತಿ ತನ್ನ ಟೀಮ್‌ನ ಗೆಲುವಿಗೆ ಎಲ್ಲರಿಗಿಂತ ಜಾಸ್ತಿ ಕೊಟ್ಟವನು, ಚೆಂಡನ್ನು ಹಾಳು ಮಾಡದೆ.' ಈ ಪ್ರಕಾರ 2025ಕ್ಕೆ ನನ್ನ ಮತ ಶೇಗೆ. ಯೋಕಿಚ್ ಆಟ ನನಗೆ ಪ್ರಾಣ, ಆದರೂ ಶೇಗೆ. 76 ಪಂದ್ಯ ಆಡಿದ, ದಾಳಿ, ರಕ್ಷಣೆ ಎರಡರಲ್ಲೂ ಆಡಿದ, ಜೊತೆಗಾರ ಚೆಟ್ ಹೋಮ್‌ಗ್ರೆನ್ ಅರ್ಧಕ್ಕಿಂತ ಜಾಸ್ತಿ ಸೀಸನ್ ಹೊರಗಿದ್ದರೂ ಗೆಲುವು ನಿಲ್ಲಲಿಲ್ಲ. ನಿಜವಾದ ಮತದಲ್ಲೂ ಮೊದಲ ಸ್ಥಾನ 71-29 ಆಗಿ ಅವನ ಕಡೆಗೇ ಬಂತು.

ಅದೇ ಕೋಲನ್ನು 2016-17ಕ್ಕೆ ಇಟ್ಟೆ. ಆ ವರ್ಷ ನಾನು ವೆಸ್ಟ್‌ಬ್ರೂಕ್ ಕಡೆ, ಆಗ ಅವನು ಒಕ್ಲಹೋಮ ಟೀಮ್‌ನಲ್ಲಿದ್ದ. 42 ಟ್ರಿಪಲ್-ಡಬಲ್. ಏಪ್ರಿಲ್ 9ರಂದು ಡೆನ್ವರ್‌ನಲ್ಲಿ 50 ಪಾಯಿಂಟ್ಸ್ ಹೊಡೆದು, ಬಜರ್ ಆಗುವ ಹೊತ್ತಿಗೆ ಎಲ್ಲೋ ದೂರದಿಂದ ಎಸೆದ ಮೂರು ಪಾಯಿಂಟ್ ಒಳಗೆ ಬಿದ್ದು 106-105 ಆದಾಗ ನಾನು ಕೂತಲ್ಲಿಂದ ಎದ್ದು ನಿಂತಿದ್ದೆ. ಆದರೆ ಲೆಕ್ಕ ಹಾಕಿದರೆ ಅವನ ಟ್ರೂ ಶೂಟಿಂಗ್ ಸುಮಾರು 55%, ಜೇಮ್ಸ್ ಹಾರ್ಡನ್‌ದು 61%. ಒಕ್ಲಹೋಮ 47 ಗೆದ್ದಿತ್ತು, ಹಾರ್ಡನ್‌ನ ಹ್ಯೂಸ್ಟನ್ 55. ಅಸಿಸ್ಟ್ ಕೂಡ ಹಾರ್ಡನ್‌ದೇ ಜಾಸ್ತಿ. ಎರಡು ದಿನ ಯೋಚನೆ ಮಾಡಿದೆ. ಆಮೇಲೆ ನನ್ನ ಹಳೆಯ ಪಟ್ಟಿಯಲ್ಲಿ ವೆಸ್ಟ್‌ಬ್ರೂಕ್ ಹೆಸರು ಹೊಡೆದು ಎರಡನೇ ಸಾಲಿಗೆ ಬರೆದೆ, ಮೊದಲನೆಯದರಲ್ಲಿ ಹಾರ್ಡನ್.