ಕ್ಲಚ್ ಹಿಡಿಯದೆ ಬೈಕಿನ ಗಿಯರ್ ಬದಲಿಸುವ ಬಗೆ

ಓಡುತ್ತಿರುವ ಬೈಕಿನಲ್ಲಿ ಕ್ಲಚ್ ಮುಟ್ಟದೆಯೂ ಗಿಯರ್ ಏರಿಸಬಹುದು. ಸರಿಯಾಗಿ ಮಾಡಿದರೆ ಗಿಯರ್‌ಬಾಕ್ಸಿಗೆ ತೊಂದರೆಯಿಲ್ಲ. ಒದ್ದು ಹಾಕಿದರೆ ಮಾತ್ರ ಒಳಗಿನ ಭಾಗಗಳು ಬೇಗ ಸವೆಯುತ್ತವೆ, ಆ ರಿಪೇರಿಗೆ ಎಂಜಿನ್ ಬಿಚ್ಚಲೇಬೇಕಾಗುತ್ತದೆ. ಇದರಲ್ಲಿ ಕಾಲಿನ ಪಾತ್ರ ಕಡಿಮೆ, ಬಲಗೈಯದೇ ಹೆಚ್ಚು. ಥ್ರಾಟಲ್, ಅಂದರೆ ಎಕ್ಸಿಲರೇಟರ್, ಸರಿಯಾದ ಕ್ಷಣಕ್ಕೆ ಸಡಿಲವಾದರೆ ಗಿಯರ್ ತಾನಾಗಿ ಬೀಳುತ್ತದೆ.

ಯಾಕೆ ಬೀಳುತ್ತದೆ ಎಂದು ಕೈಯಾರೆ ನೋಡಿಕೊಳ್ಳಬಹುದು. ಎಂಜಿನ್ ಆಫ್ ಮಾಡಿ, ಕೀ ತೆಗೆದು, ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ. ಮೊದಲ ಗಿಯರಿನಿಂದ ಎರಡನೆಯದಕ್ಕೆ ಕೈಯಿಂದಲೇ ಲಿವರ್ ಎತ್ತಿ. ಬಹಳ ಸಲ ಅದು ಅರ್ಧಕ್ಕೇ ನಿಂತುಬಿಡುತ್ತದೆ. ಒತ್ತಡ ಬಿಡದೆ, ಇನ್ನೊಂದು ಕೈಯಿಂದ ಹಿಂದಿನ ಟೈರನ್ನು ತುಸು ಹಿಂದೆ ಮುಂದೆ ಆಡಿಸಿ. ಟಕ್ ಎಂದು ಗಿಯರ್ ಬೀಳುತ್ತದೆ. ಟೈರನ್ನಷ್ಟೇ ಹಿಡಿಯಿರಿ, ಚೈನ್ ಮತ್ತು ಸ್ಪ್ರಾಕೆಟ್ ಹತ್ತಿರ ಬೆರಳು ಬೇಡ.

ಆ ‘ಟಕ್’ ಸದ್ದು ಡಾಗ್‌ಗಳದ್ದು. ಬೈಕಿನ ಗಿಯರ್‌ಬಾಕ್ಸಿನಲ್ಲಿ ಎಲ್ಲ ಗಿಯರ್ ಜೋಡಿಗಳೂ ಯಾವಾಗಲೂ ಒಂದಕ್ಕೊಂದು ಹಲ್ಲು ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ಗಿಯರ್ ಶಾಫ್ಟಿನ ಮೇಲೆ ಸಡಿಲವಾಗಿ ಸುತ್ತುತ್ತದೆ. ಪಕ್ಕದ ಗಿಯರ್ ಜರುಗಿ ಬಂದು ತನ್ನ ಮೈಮೇಲಿನ ಗಟ್ಟಿ ಉಬ್ಬುಗಳನ್ನು, ಅಂದರೆ ಡಾಗ್‌ಗಳನ್ನು, ಅದರ ಗುಳಿಗಳಿಗೆ ತೂರಿಸಿದಾಗ ಎರಡೂ ಒಂದಾಗುತ್ತವೆ. ಜರುಗಿಸುವುದು ಫೋರ್ಕ್, ಫೋರ್ಕನ್ನು ನಡೆಸುವುದು ಕಾಲಿನ ಲಿವರಿಗೆ ಜೋಡಿಸಿದ ಡ್ರಮ್. ಕಾರಿನಲ್ಲಿರುವಂತೆ ವೇಗ ಹೊಂದಿಸಿಕೊಡುವ ಸಿಂಕ್ರೊ ರಿಂಗ್ ಇಲ್ಲಿಲ್ಲ. ಬದಲಿಗೆ ಗುಳಿಯನ್ನು ಡಾಗ್‌ಗಿಂತ ಅಗಲವಾಗಿ ಮಾಡಿರುತ್ತಾರೆ, ವೇಗದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ಡಾಗ್ ಒಳಗೆ ಹೋಗುತ್ತದೆ.

ಎಂಜಿನ್ ಚಕ್ರವನ್ನು ಎಳೆಯುವಾಗ ಡಾಗ್ ಗುಳಿಯ ಒಂದು ಗೋಡೆಗೆ ಬಲವಾಗಿ ಒತ್ತಿರುತ್ತದೆ. ಡಾಗ್‌ನ ಪಕ್ಕವನ್ನು ಕೆಲವೇ ಡಿಗ್ರಿ ಒಳಓರೆಯಾಗಿ ಕಡೆದಿರುವುದರಿಂದ, ಭಾರ ಬಿದ್ದಷ್ಟೂ ಅದು ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಥ್ರಾಟಲ್ ತೆರೆದಿರುವಾಗ ಲಿವರ್ ಎಷ್ಟು ಒತ್ತಿದರೂ ಜಗ್ಗದಿರುವುದು ಇದಕ್ಕೇ. ಥ್ರಾಟಲ್ ಮುಚ್ಚಿ ಹಾಗೇ ಬಿಟ್ಟರೆ ಚಕ್ರವೇ ಎಂಜಿನ್ನನ್ನು ಎಳೆಯತೊಡಗುತ್ತದೆ, ಡಾಗ್ ಎದುರು ಗೋಡೆಗೆ ಹೋಗಿ ಅಲ್ಲಿ ಒತ್ತಿಕೊಳ್ಳುತ್ತದೆ. ಒಂದು ಗೋಡೆಯಿಂದ ಇನ್ನೊಂದಕ್ಕೆ ಹೋಗುವ ನಡುವೆ ಯಾವ ಭಾರವೂ ಇಲ್ಲದ ಕಿರು ಕ್ಷಣವೊಂದಿದೆ. ಗಿಯರ್ ಬೀಳುವುದು ಆಗ. ಕ್ಲಚ್ ಹಿಡಿದಾಗ ಸಿಗುವುದೂ ಇದೇ ಬಿಡುವು, ಸ್ವಲ್ಪ ಉದ್ದವಾಗಿ.

ಅಭ್ಯಾಸಕ್ಕೆ ಒಣಗಿದ, ನೇರವಾದ, ಖಾಲಿ ರಸ್ತೆ ಬೇಕು. ಎಂಜಿನ್ ಬಿಸಿಯಾಗಿರಲಿ. ಚೈನ್ ಸಡಿಲವಿದ್ದರೆ ಮೊದಲು ಅದನ್ನು ಸರಿಮಾಡಿ. ಬಹಳಷ್ಟು ರಸ್ತೆ ಬೈಕುಗಳಲ್ಲಿ ಕೆಳಗಿನ ಚೈನಿನ ನಡುಭಾಗ 20ರಿಂದ 30 ಮಿ.ಮೀ. ಮೇಲೆ ಕೆಳಗೆ ಆಡಬೇಕು, ನಿಮ್ಮ ಬೈಕಿನ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಚೈನ್ ಜೋತಾಡುತ್ತಿದ್ದರೆ ಥ್ರಾಟಲ್ ಬಿಟ್ಟು ಹಿಡಿದಾಗಲೆಲ್ಲ ಜರ್ಕ್ ಹೊಡೆಯುತ್ತದೆ, ತಪ್ಪು ನಿಮ್ಮ ಕೈಯದೋ ಚೈನಿನದೋ ಗೊತ್ತಾಗುವುದಿಲ್ಲ. ಈಗಾಗಲೇ ಯಾವುದಾದರೂ ಗಿಯರ್ ತಾನಾಗಿ ಜಾರಿ ಹೊರಬರುತ್ತಿದ್ದರೆ ಆ ಬೈಕಿನಲ್ಲಿ ಇದನ್ನು ಮಾಡಲೇಬೇಡಿ. ಗಿಯರ್ ಹಾಕಿದರೆ ಕ್ಲಚ್ ತಾನೇ ಬಿಡುವ ಸೆಮಿ ಆಟೊಮ್ಯಾಟಿಕ್ ಬೈಕುಗಳಿಗೂ ಗಿಯರ್ ಇಲ್ಲದ ಸ್ಕೂಟರುಗಳಿಗೂ ಇದು ಸಂಬಂಧಿಸಿದ್ದಲ್ಲ.

ಮೂರರಿಂದ ನಾಲ್ಕಕ್ಕೆ ಏರಿಸುವುದರಿಂದ ಆರಂಭಿಸಿ. ಮೊದಲ ಗಿಯರ್ ಕೆಳಗೆ, ಉಳಿದವು ಮೇಲೆ ಇರುವ ಬೈಕಿನಲ್ಲಿ ಕ್ರಮ ಹೀಗೆ:

1. ಮೂರನೆಯ ಗಿಯರಿನಲ್ಲಿ, ಎಂಜಿನ್‌ನ ನಡುಮಟ್ಟದ ಆರ್‌ಪಿಎಂನಲ್ಲಿ, ಥ್ರಾಟಲ್ ಹದವಾಗಿ ತೆರೆದು ವೇಗ ಏರುತ್ತಿರಲಿ.

2. ಬೂಟಿನ ತುದಿಯನ್ನು ಲಿವರ್ ಅಡಿಗೆ ತಂದು ಮೆಲ್ಲಗೆ ಮೇಲಕ್ಕೆ ಒತ್ತಿ ಹಿಡಿಯಿರಿ. ಲಿವರಿನ ಸಡಿಲು ಮುಗಿದು ಸ್ಪ್ರಿಂಗಿನ ಬಿಗಿ ಕಾಲಿಗೆ ತಾಗಿದರೆ ಸಾಕು.

3. ಥ್ರಾಟಲನ್ನು ಥಟ್ಟನೆ ಸ್ವಲ್ಪ ಹಿಂದಕ್ಕೆ ತಿರುಗಿಸಿ. ಪೂರ್ತಿ ಮುಚ್ಚಬೇಕಿಲ್ಲ, ಮಣಿಕಟ್ಟು ಒಮ್ಮೆ ಕುಣಿದಷ್ಟು ಸಾಕು. ಅದೇ ಕ್ಷಣ ಲಿವರ್ ತಾನಾಗಿ ಮೇಲೆ ಹೋಗುತ್ತದೆ.

4. ಗಿಯರ್ ಬಿದ್ದದ್ದು ಕಾಲಿಗೆ ತಿಳಿದ ಕೂಡಲೇ ಥ್ರಾಟಲ್ ಮತ್ತೆ ತೆರೆದು, ಕಾಲನ್ನು ಲಿವರಿನಿಂದ ಪೂರ್ತಿ ತೆಗೆಯಿರಿ.

ಎರಡನೆಯ ಮತ್ತು ಮೂರನೆಯ ಹೆಜ್ಜೆ ಅದಲುಬದಲಾದರೆ ಕೆಲಸ ಕೆಡುತ್ತದೆ. ಥ್ರಾಟಲ್ ಬಿಟ್ಟ ಮೇಲೆ ಕಾಲು ಹುಡುಕಾಡಿದರೆ, ಭಾರವಿಲ್ಲದ ಆ ಕ್ಷಣ ಅಷ್ಟರಲ್ಲಿ ಕಳೆದುಹೋಗಿ ಡಾಗ್ ಎದುರು ಗೋಡೆಗೆ ಕಚ್ಚಿಕೊಂಡಿರುತ್ತದೆ. ಹಾಗಾದಾಗ ಲಿವರನ್ನು ಒದೆಯಬೇಡಿ. ಥ್ರಾಟಲ್ ಕೊಟ್ಟು ಮತ್ತೆ ಮೊದಲಿನಿಂದ ಮಾಡಿ. ಹಾಗೆಂದು ಕಾಲನ್ನು ಬಹಳ ಮುಂಚೆಯೇ ಒತ್ತಿ ಹಿಡಿಯುವುದೂ ತಪ್ಪು. ಫೋರ್ಕಿನ ತುದಿ ತಿರುಗುವ ಗಿಯರಿಗೆ ಉಜ್ಜಿ ಸವೆಯುತ್ತದೆ. ಥ್ರಾಟಲ್ ಬಿಡುವುದಕ್ಕೆ ಅರೆಕ್ಷಣ ಮುಂಚೆ ಒತ್ತಿದರೆ ಸಾಕಾಗುತ್ತದೆ. ಹಿಮ್ಮಡಿ ಲಿವರ್ ಇರುವ ಬೈಕಿನಲ್ಲೂ ಇದಕ್ಕೆ ಕಾಲ್ಬೆರಳೇ ಲೇಸು. ಹಿಮ್ಮಡಿಯಿಂದ ತುಳಿದಾಗ ಎಷ್ಟು ಬಲ ಬಿತ್ತೆಂಬ ಅಂದಾಜು ಸಿಗುವುದಿಲ್ಲ.

ಮೂರರಿಂದ ನಾಲ್ಕು ಸುಲಭ, ಒಂದರಿಂದ ಎರಡು ಕಷ್ಟ. ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಗಿಯರಿನ ಅನುಪಾತವೆಂದರೆ ಗಿಯರ್‌ಬಾಕ್ಸಿನಿಂದ ಹೊರಹೋಗುವ ಶಾಫ್ಟಿನ ಒಂದು ಸುತ್ತಿಗೆ ಎಂಜಿನ್ ಕಡೆಯ ಶಾಫ್ಟ್ ಎಷ್ಟು ಸುತ್ತುತ್ತದೆ ಎಂಬ ಲೆಕ್ಕ. ಮೂರನೆಯ ಗಿಯರಿನದು 1.40, ನಾಲ್ಕನೆಯದು 1.15 ಇದೆ ಎನ್ನೋಣ. 5,000 ಆರ್‌ಪಿಎಂನಲ್ಲಿ ಬದಲಿಸಿದರೆ ಎಂಜಿನ್ ಸುಮಾರು 4,100ಕ್ಕೆ ಇಳಿಯಬೇಕು. ಮೊದಲನೆಯದು 2.80, ಎರಡನೆಯದು 1.80 ಇದ್ದರೆ ಅದೇ 5,000ದಿಂದ 3,200ಕ್ಕೆ ಇಳಿಯಬೇಕು, ಅಂದರೆ ಇಳಿತ ಎರಡರಷ್ಟು. ಸಾಲದ್ದಕ್ಕೆ ನಡುವೆ ನ್ಯೂಟ್ರಲ್ ಕಾದು ಕುಳಿತಿರುತ್ತದೆ. ಅರೆಮನಸ್ಸಿನಿಂದ ಎತ್ತಿದರೆ ಅಲ್ಲೇ ಸಿಕ್ಕಿಕೊಂಡು ಎಂಜಿನ್ ಕಿರುಚುತ್ತದೆ. ಈ ಒಂದು ಬದಲಾವಣೆಗೆ ಕ್ಲಚ್ ಹಿಡಿಯುವುದೇ ಜಾಣತನ. ತೀರಾ ಕಡಿಮೆ ಆರ್‌ಪಿಎಂನಲ್ಲೂ ಪ್ರಯತ್ನಿಸಬೇಡಿ. ಒಂಟಿ ಸಿಲಿಂಡರಿನ ದೊಡ್ಡ ಎಂಜಿನ್‌ಗಳಲ್ಲಿ ಫ್ಲೈವೀಲ್ ಭಾರವಿದ್ದು ಆರ್‌ಪಿಎಂ ನಿಧಾನ ಇಳಿಯುತ್ತದೆ, ಅಲ್ಲಿ ಥ್ರಾಟಲ್ ಮತ್ತೆ ತೆರೆಯುವ ಮುನ್ನ ತುಸು ಹೆಚ್ಚು ತಾಳ್ಮೆ ಬೇಕು.

ಸರಿಯಾಗಿ ಬಿದ್ದ ಗಿಯರಿನ ಸದ್ದು ಚಿಕ್ಕದು, ಬೈಕ್ ತಲೆಯಾಡಿಸುವುದೂ ಇಲ್ಲ. ‘ಕಟ್’ ಎಂಬ ಲೋಹದ ಏಟು ಕೇಳಿ ಬೈಕ್ ಮುಂದಕ್ಕೆ ಚಿಮ್ಮಿದರೆ ಆರ್‌ಪಿಎಂ ಇಳಿಯುವ ಮೊದಲೇ ಥ್ರಾಟಲ್ ತೆರೆದಿದ್ದೀರಿ. ಬೈಕ್ ಹಿಂದಕ್ಕೆ ಜಗ್ಗಿದರೆ ತಡಮಾಡಿದ್ದೀರಿ. ‘ಕರ್ರ್’ ಎಂದು ತುರಿದಂತೆ ಕೇಳಿದರೆ ಡಾಗ್‌ಗಳು ಒಂದರ ತುದಿಗೊಂದು ಬಡಿಯುತ್ತಿವೆ, ಲಿವರಿಗೆ ಒತ್ತಡ ಸಾಲದೆ ಅರ್ಧಕ್ಕೆ ನಿಂತಿದೆ. ಆ ಸದ್ದು ದಿನವೂ ಕೇಳುತ್ತಿದ್ದರೆ ಡಾಗ್‌ನ ಅಂಚು ಉರುಟಾಗುತ್ತದೆ. ಉರುಟಾದ ಡಾಗ್ ಭಾರ ಬಿದ್ದಾಗ ಕಚ್ಚಿಕೊಳ್ಳುವ ಬದಲು ಜಾರುತ್ತದೆ, ಓವರ್‌ಟೇಕ್ ಮಾಡುವಾಗಲೇ ಗಿಯರ್ ಹೊರಬರುತ್ತದೆ.

ಗಿಯರ್ ಇಳಿಸುವುದು ಇದರ ತಿರುವುಮುರುವು. ವೇಗ ತಗ್ಗುವಾಗ ಭಾರ ಎದುರು ಗೋಡೆಯ ಮೇಲಿರುತ್ತದೆ, ಹಾಗಾಗಿ ಬಿಡುವು ಬೇಕಾದರೆ ಥ್ರಾಟಲನ್ನು ಚುಟುಕಾಗಿ ಕೊಡಬೇಕು. ಲಿವರನ್ನು ಕೆಳಕ್ಕೆ ಮೆಲ್ಲಗೆ ಒತ್ತಿ, ಥ್ರಾಟಲನ್ನು ಒಮ್ಮೆ ಮಿಡಿಯಿರಿ. ಮೇಲಿನ ಲೆಕ್ಕದಲ್ಲೇ, ನಾಲ್ಕರಲ್ಲಿ 4,000 ಆರ್‌ಪಿಎಂ ಇದ್ದರೆ ಮೂರಕ್ಕೆ ಸುಮಾರು 4,900 ಬೇಕು. ಮಿಡಿತ ಸಾಲದಿದ್ದರೆ ಹಿಂದಿನ ಚಕ್ರ ಕ್ಷಣಕಾಲ ಹಿಡಿದಂತಾಗಿ ಜಾರುತ್ತದೆ, ತಿರುವಿನಲ್ಲೋ ಒದ್ದೆ ರಸ್ತೆಯಲ್ಲೋ ಅಷ್ಟು ಸಾಕು ಬೀಳಲು. ದಿನನಿತ್ಯದ ಓಡಾಟದಲ್ಲಿ ಕ್ಲಚ್ ಹಿಡಿದೇ ಇಳಿಸಿ. ಕ್ವಿಕ್‌ಶಿಫ್ಟರ್ ಇರುವ ಬೈಕುಗಳಲ್ಲಿ ಲಿವರಿನ ಒತ್ತಡವನ್ನು ಸೆನ್ಸರ್ ಗುರುತಿಸಿ, ಕಂಪ್ಯೂಟರೇ ಸೆಕೆಂಡಿನ ಸಣ್ಣ ಪಾಲಿನಷ್ಟು ಹೊತ್ತು ಇಗ್ನಿಷನ್ನನ್ನೋ ಇಂಧನವನ್ನೋ ತಡೆಯುತ್ತದೆ. ಅಲ್ಲಿ ಥ್ರಾಟಲ್ ಬಿಡಬೇಕಿಲ್ಲ. ಆದರೆ ಎಲ್ಲ ಕ್ವಿಕ್‌ಶಿಫ್ಟರುಗಳೂ ಇಳಿಸಲು ಕೆಲಸ ಮಾಡುವುದಿಲ್ಲ, ಪುಸ್ತಕ ನೋಡಿಕೊಳ್ಳಿ.

ಈ ವಿದ್ಯೆ ನಿಜವಾಗಿ ಕೈಹಿಡಿಯುವುದು ದಾರಿಯಲ್ಲಿ ಕ್ಲಚ್ ಕೇಬಲ್ ತುಂಡಾದಾಗ. ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ. ಇಳಿಜಾರು ಇದ್ದರೆ ಆ ಕಡೆ ಮುಖಮಾಡಿ, ಇಲ್ಲವಾದರೆ ಸೀಟಿನ ಮೇಲೆ ಕುಳಿತೇ ಎರಡೂ ಕಾಲಿನಿಂದ ನೂಕುತ್ತ ನಡಿಗೆಯ ವೇಗಕ್ಕೆ ಬನ್ನಿ. ಥ್ರಾಟಲ್ ಪೂರ್ತಿ ಮುಚ್ಚಿ, ಐಡಲ್‌ನಲ್ಲೇ ಮೊದಲ ಗಿಯರನ್ನು ಒಂದೇ ಸಲ ಗಟ್ಟಿಯಾಗಿ ತುಳಿಯಿರಿ. ಒಂದು ಜರ್ಕ್ ಬಂದೇ ಬರುತ್ತದೆ, ಹ್ಯಾಂಡಲ್ ನೇರವಾಗಿ ಹಿಡಿದು ತಕ್ಷಣ ಸ್ವಲ್ಪ ಥ್ರಾಟಲ್ ಕೊಡಿ. ಹಿಂದೆ ಯಾರನ್ನೂ ಕೂರಿಸಿಕೊಳ್ಳಬೇಡಿ.

ಹೊರಡುವುದಕ್ಕಿಂತ ನಿಲ್ಲಿಸುವುದರ ಬಗ್ಗೆ ಹೆಚ್ಚು ಯೋಚಿಸಿ. ಸಿಗ್ನಲ್ ದೂರದಲ್ಲಿ ಕಾಣುವಾಗಲೇ ಎರಡನೆಯ ಗಿಯರಿಗೆ ಬಂದು, ಬೈಕ್ ಇನ್ನೂ ಉರುಳುತ್ತಿರುವಾಗ, ಥ್ರಾಟಲ್ ಬಿಡುವ ಕ್ಷಣದಲ್ಲಿ ಲಿವರನ್ನು ಅರ್ಧವಷ್ಟೇ ಒತ್ತಿ ನ್ಯೂಟ್ರಲ್ ಮಾಡಿ. ಮೀಟರಿನಲ್ಲಿ ನ್ಯೂಟ್ರಲ್‌ನ ಹಸಿರು ದೀಪ ಹೊತ್ತಿತೇ ಎಂದು ನೋಡಿ, ಬ್ರೇಕಿನಿಂದ ನಿಲ್ಲಿಸಿ. ನ್ಯೂಟ್ರಲ್ ಸಿಗದಿದ್ದರೆ ಬಲಗೈ ಹೆಬ್ಬೆರಳಿನಿಂದ ಕಿಲ್ ಸ್ವಿಚ್ ಒತ್ತಿ ಎಂಜಿನ್ ನಿಲ್ಲಿಸಿಬಿಡಿ. ಮುಂದಿನ ವಾಹನದಿಂದ ಎಂದಿಗಿಂತ ಎರಡರಷ್ಟು ದೂರವಿರಿ, ಗಿಜಿಗುಡುವ ರಸ್ತೆ ಬಿಟ್ಟು ಸುತ್ತುದಾರಿಯಾದರೂ ಖಾಲಿ ರಸ್ತೆ ಹಿಡಿಯಿರಿ.

ಕೇಬಲ್ ಸಾಮಾನ್ಯವಾಗಿ ಒಮ್ಮೆಲೇ ಹರಿಯುವುದಿಲ್ಲ. ಕ್ಲಚ್ ಲಿವರಿನ ಬುಡದಲ್ಲಿ, ಕೇಬಲ್ ತುದಿಯ ಲೋಹದ ಗುಂಡು ಕೂರುವ ಜಾಗದ ಪಕ್ಕ, ತಂತಿಯ ಎಳೆಗಳು ಒಂದೊಂದಾಗಿ ಬಿಚ್ಚಿಕೊಂಡು ಮುಳ್ಳಿನಂತೆ ನಿಲ್ಲುತ್ತವೆ. ಚೈನಿಗೆ ಎಣ್ಣೆ ಹಾಕುವಾಗಲೆಲ್ಲ ಅಲ್ಲಿಗೂ ಕಣ್ಣು ಹಾಯಿಸಿ, ಒಂದು ಎಳೆ ಬಿಚ್ಚಿದ್ದು ಕಂಡರೂ ಕೇಬಲ್ ಬದಲಿಸಿ.